ಪ್ರೋಗ್ರೆಸಿವ್ ಕನ್ನಡಕ: 3 ವರ್ಷ ಹಾಕಿಕೊಂಡ ಮೇಲೆ

ದೂರದ್ದು ಕಾಣಲು ಮೈನಸ್ 2 ಕನ್ನಡಕ ನನಗೆ ಕಾಲೇಜಿನಿಂದಲೂ ಇದೆ. 46ಕ್ಕೆ ಚಾಳೀಸೂ ಸೇರಿಕೊಂಡಿತು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರದ್ದನ್ನು ನೋಡುವಾಗ ಮೊದಲಿನಷ್ಟು ಉಬ್ಬುವುದಿಲ್ಲ. ರೋಗವೇನಲ್ಲ, ಎಲ್ಲರಿಗೂ ಬರುವಂಥದ್ದೇ. ಆದರೆ ಫೋನ್ ನೋಡಲು ಕನ್ನಡಕ ತೆಗಿ, ಎದುರಿನವರ ಮುಖ ನೋಡಲು ಹಾಕು, ಮತ್ತೆ ತೆಗಿ. ಇದು ಸಾಕಾಗಿ ಪ್ರೋಗ್ರೆಸಿವ್ ಮಾಡಿಸಿದೆ, ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್.

ಮೊದಲ 3 ತಿಂಗಳು ತುಂಬಾ ಕಷ್ಟಪಟ್ಟೆ. ಅಕ್ಷರ ಕಾಣಬೇಕಾದರೆ ಗದ್ದ ಮೇಲೆತ್ತಬೇಕಿತ್ತು. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಹೇಳಿದರೆ ಪ್ರತಿ ಸಲವೂ ಒಂದೇ ಉತ್ತರ: "ಹಾಕಿಕೊಂಡೇ ಇರಿ, ಅಭ್ಯಾಸ ಆಗುತ್ತೆ." ನನ್ನ ಕಣ್ಣಿಗೇ ಒಗ್ಗುತ್ತಿಲ್ಲ ಎಂದುಕೊಂಡು ಸುಮ್ಮನಾದೆ.

ಕೊನೆಗೆ ಬೇರೆ ಕಡೆ ತೋರಿಸಿದೆ. ಅಲ್ಲಿದ್ದ ಹೆಣ್ಣುಮಗಳು ಕನ್ನಡಕವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಲೆನ್ಸ್ ಮೇಲೆ ಕೆತ್ತಿದ್ದ ಎರಡು ಪುಟ್ಟ ಗುರುತು ಹುಡುಕಿದರು. ಸುಮ್ನೆ ನೋಡಿದರೆ ಕಾಣದಷ್ಟು ಮಸುಕು ಅವು. ಅಲ್ಲಿಂದ ಅಳೆದು ಪೆನ್ನಿನಲ್ಲಿ ಒಂದು ಪ್ಲಸ್ ಗುರುತು ಹಾಕಿದರು. ಕನ್ನಡಕ ನನ್ನ ಮುಖಕ್ಕೇರಿಸಿ, "ನನ್ನನ್ನೇ ನೇರ ನೋಡಿ" ಎಂದರು. ಆ ಗುರುತು ಕಣ್ಣಿನ ಪಾಪೆಯ ನಡುವೆ ಬರಬೇಕು. ನನ್ನದು 4 ಮಿಲಿಮೀಟರ್ ಕೆಳಗಿತ್ತು.

ಈ ಲೆನ್ಸಿನ ಮೇಲ್ಭಾಗ ದೂರಕ್ಕೆ, ನಡುಭಾಗ ಕಂಪ್ಯೂಟರಿಗೆ, ಕೆಳಭಾಗ ಓದಿಗೆ. ಇದೆಲ್ಲ ಸುಮಾರು ಒಂದೂವರೆ ಸೆಂಟಿಮೀಟರಿನಲ್ಲೇ ಆಗಬೇಕು. ಅದರಲ್ಲಿ 4 ಮಿಲಿಮೀಟರ್ ಜಾಸ್ತಿಯೇ ಅಲ್ವಾ? ವ್ಯಾರಿಲಕ್ಸ್ ಹೆಸರಿನಲ್ಲಿ ಇಂಥ ಲೆನ್ಸ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಇಷ್ಟು ಹಳೆಯ ವಸ್ತುವನ್ನು ಸರಿಯಾಗಿ ಅಳೆಯದೆ ಕೂರಿಸಿದರಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಮಾಡಿಸುವಾಗ ಫ್ರೇಮ್ ಮುಖಕ್ಕೆ ಹಾಕಿಸಿ, ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ ಗುರುತು ಹಾಕಿಸಿಕೊಳ್ಳಿ. ಹಾಕದಿದ್ದರೆ ಎದ್ದು ಬನ್ನಿ.

ಸರಿಯಾಗಿ ಅಳೆದು ಮಾಡಿದ ಹೊಸ ಲೆನ್ಸ್ ಒಂದೇ ವಾರದಲ್ಲಿ ಒಗ್ಗಿತು. ಮಗಳು ಪಾಠ ಓದುವಾಗ ಪುಸ್ತಕದ ಸಾಲೂ ಕಾಣುತ್ತದೆ, ಕಣ್ಣೆತ್ತಿದರೆ ಅವಳ ಮುಖವೂ. ಇದು ಇಷ್ಟು ಖುಷಿ ಕೊಡುತ್ತದೆ ಎಂದು ಅಂದುಕೊಂಡಿರಲಿಲ್ಲ.

ಬೆಳಿಗ್ಗೆ ಮುಖ ತೊಳೆದ ಕೂಡಲೇ ಕನ್ನಡಕವನ್ನೂ ನಲ್ಲಿಗೆ ಹಿಡಿಯುತ್ತೇನೆ. ಮೊದಲು ತಣ್ಣೀರು. ಒಣ ಧೂಳಿನ ಮೇಲೆ ಬಟ್ಟೆ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಬೆರಳ ತುದಿಯಿಂದ ಎರಡೂ ಲೆನ್ಸ್, ಮೂಗಿನ ಪ್ಯಾಡಿನ ಸಂದಿ. ಕೊನೆಗೆ ಮೆತ್ತನೆಯ ಬಟ್ಟೆ. ಪ್ಯಾಡ್ ಸಡಿಲವಾಗಿದೆಯಾ ಅಂತಲೂ ಆಗಲೇ ನೋಡಿಬಿಡುತ್ತೇನೆ. ಫ್ರೇಮ್ ಜಾರಿದರೆ ಗುರುತೂ ಕೆಳಗೆ ಜಾರುತ್ತದೆ, ಮತ್ತೆ ಗದ್ದ ಎತ್ತುವ ಕಥೆ.

ಲೆನ್ಸಿನ ಎಡಬಲದ ಅಂಚಿನಿಂದ ನೋಡಿದರೆ ಮಸುಕು ಈಗಲೂ ಇದೆ. ನಾನು ತೆಗೆದುಕೊಂಡದ್ದು ಮಧ್ಯಮ ದರ್ಜೆಯದು, ನನ್ನ ಕೈಗೆ ಎಟುಕಿದ್ದು ಅಷ್ಟೇ. ದುಬಾರಿ ಲೆನ್ಸಿನಲ್ಲಿ ಇದು ಕಡಿಮೆ ಇರುತ್ತದೆ, ಪೂರ್ತಿ ಹೋಗುವುದಿಲ್ಲ. ಪಕ್ಕದ್ದನ್ನು ನೋಡಬೇಕಾದರೆ ಕಣ್ಣಲ್ಲ, ತಲೆ ತಿರುಗಿಸಬೇಕು. ಮೆಟ್ಟಿಲು ಇಳಿಯುವಾಗ ತಲೆ ಬಗ್ಗಿಸಿಯೇ ನೋಡುತ್ತೇನೆ, ಇಲ್ಲದಿದ್ದರೆ ಓದುವ ಭಾಗದಿಂದ ನೋಡಿ ಮೆಟ್ಟಿಲು ಮಸುಕಾಗುತ್ತದೆ.

ಮಲಗಿ ಓದುವುದಕ್ಕೆ ಮಾತ್ರ ಇದು ಆಗಿಬರುವುದಿಲ್ಲ. ಆಗ ತೆಗೆದಿಡುತ್ತೇನೆ. ಅರ್ಧ ಮೀಟರ್ ದೂರದ ಪುಟ ನನ್ನ ಮೈನಸ್ 2 ಕಣ್ಣಿಗೆ ಕನ್ನಡಕವಿಲ್ಲದೆಯೇ ಚೆನ್ನಾಗಿ ಕಾಣುತ್ತದೆ.