ಕೆಂಪುಕಲ್ಲಿನ ಹೊಸ ಮನೆಗೆ ಒಳಗೋಡೆ ಇನ್ಸುಲೇಷನ್: ಹಾಕಿಸಬೇಕೇ?

ಪರಿಶೀಲಿಸಿದ್ದು: 25 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ನೊರೆಯ) ಹಲಗೆ, ಅದರ ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್
ಅಂಕ: ಎಸಿ ಇರುವ ಪಡುಬದಿಯ ಕೋಣೆಗೆ 5ಕ್ಕೆ 4, ಇಡೀ ಮನೆಗೆ 5ಕ್ಕೆ 2

ಮಂಜೇಶ್ವರದಿಂದ ಬದಿಯಡ್ಕದವರೆಗೆ ಈಗ ಏಳುತ್ತಿರುವ ಮನೆಗಳಲ್ಲಿ ಹೆಚ್ಚಿನವಕ್ಕೆ ಎಂಟು–ಒಂಬತ್ತು ಇಂಚಿನ ಕೆಂಪುಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ. ಸಾರಣೆ ಮುಗಿಯುವ ಹೊತ್ತಿಗೆ ಒಳಗೋಡೆಗೆ, ಅಂದರೆ ಗೋಡೆಯ ಒಳಮೈಗೆ, ಶಾಖ ತಡೆಯುವ ಇನ್ಸುಲೇಷನ್ ಹಾಕಿಸುವ ಮಾತು ಬರುತ್ತದೆ.

ವಸ್ತುವಿನಲ್ಲಿ ದೋಷವಿಲ್ಲ. ಒಂದಿಂಚಿನ ಎಕ್ಸ್‌ಪಿಎಸ್ ಶಾಖ ತಡೆಯುವುದರಲ್ಲಿ ಸುಮಾರು ಎರಡು ಅಡಿ ದಪ್ಪದ ಕಲ್ಲುಗೋಡೆಗೆ ಸಮ. ಇದನ್ನು ಹಾಕಿದರೆ ಗೋಡೆ ದಾಟಿ ಬರುವ ಶಾಖ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ನಮ್ಮ ಊರಿನ ಸೆಕೆಗೆ ಗೋಡೆಗಿಂತ ತಾರಸಿಯೇ ದೊಡ್ಡ ಕಾರಣ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಗೋಡೆಗೆ ಬಿಸಿಲು ಓರೆಯಾಗಿ, ತಾರಸಿಗೆ ನೇರವಾಗಿ. ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರಕಾರ ತಂದ 2018ರ ಇಕೋ ನಿವಾಸ್ ಸಂಹಿತಾ ಮನೆಯ ಮಾಡಿಗೆ ಇಟ್ಟ ಯು-ಮೌಲ್ಯದ (ಶಾಖ ಎಷ್ಟು ಸುಲಭವಾಗಿ ದಾಟುತ್ತದೆಂಬ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಮಿತಿ 1.2. ಬರಿಯ ನಾಲ್ಕಿಂಚಿನ ಸ್ಲ್ಯಾಬಿನದು 4ರ ಆಸುಪಾಸು. ಅದೇ 25 ಮಿ.ಮೀ. ಹಲಗೆಯನ್ನು ತಾರಸಿಯ ಮೇಲೆ, ವಾಟರ್‌ಪ್ರೂಫಿಂಗ್ ಮಾಡಿ ಹಾಸಿ, ಮೇಲೆ ಕಾಂಕ್ರೀಟ್ ಹೊದಿಕೆ ಕೊಟ್ಟರೆ ಲೆಕ್ಕ ಆ ಮಿತಿಯೊಳಗೆ ಬರುತ್ತದೆ. ಕೈಯಲ್ಲಿರುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಮಳೆಗೆಂದು ತಾರಸಿಯ ಮೇಲೆ ಶೀಟಿನ ಮಾಡು ಹೇಗೂ ಹಾಕಿಸುವವರು ಎರಡು ಬದಿಯೂ ಗಾಳಿಯಾಡಲು ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಎಸಿ ಇಲ್ಲದ, ಕಿಟಕಿ ತೆರೆದೇ ಇರುವ ಕೋಣೆಗೆ ಒಳಗೋಡೆ ಇನ್ಸುಲೇಷನ್ ದಂಡ. ಹೊರಗಿನ ಬಿಸಿಗಾಳಿ ಕಿಟಕಿಯಿಂದಲೇ ಬರುತ್ತದೆ. ಹಗಲಿನ ಸೆಕೆಯನ್ನು ಸ್ವಲ್ಪವಾದರೂ ಹೀರಿಕೊಳ್ಳುತ್ತಿದ್ದ ತಂಪುಕಲ್ಲು ಹಲಗೆಯ ಹಿಂದೆ ಮುಚ್ಚಿಹೋಗುತ್ತದೆ. ಬಾಗಿಲು ಹಾಕಿ ರಾತ್ರಿ ಎಸಿ ಓಡಿಸುವ ಕೋಣೆಯ ಪಡುಗೋಡೆಗಾದರೆ ಮಾತು ಬೇರೆ. ಸಂಜೆಯವರೆಗೆ ಕಾದ ಕಲ್ಲು ಮಧ್ಯರಾತ್ರಿಯವರೆಗೂ ಒಳಗೆ ಬಿಸಿ ಬಿಡುತ್ತಿರುತ್ತದೆ. ಹಲಗೆ ಅದನ್ನು ತಡೆಯುವುದರಿಂದ ಕೋಣೆ ಬೇಗ ತಣಿಯುತ್ತದೆ.

ಕೆಡುವುದು ತೇವದಿಂದ. ಆಟಿಯ ಗಾಳಿಮಳೆಗೆ ಹೊರಸಾರಣೆಯಿಲ್ಲದ ಕೆಂಪುಕಲ್ಲು ನೀರು ಕುಡಿಯುತ್ತದೆ. ಎಸಿ ಇದ್ದಾಗ ತಂಪು ಬದಿ ಒಳಗಡೆಯದು, ಹಾಗಾಗಿ ಹೊರಗಿನ ತೇವ ಒಳಕ್ಕೇ ನುಗ್ಗುತ್ತದೆ. ಜಿಪ್ಸಂ ಮೇಲೆ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಿದರೆ ಆ ತೇವಕ್ಕೆ ಆರುವ ದಾರಿ ಮುಚ್ಚುತ್ತದೆ. ಮೊದಲು ಮೂಲೆಯಲ್ಲಿ ಹಳದಿ ಕಲೆ, ಆಮೇಲೆ ಕರಿ ಬೂಷ್ಟು, ಬೆರಳಿನಿಂದ ಒತ್ತಿದರೆ ಬೋರ್ಡು ಒದ್ದೆ ರಟ್ಟಿನಂತೆ ಒಳಗೆ ಹೋಗುತ್ತದೆ. ಹೊರಗೆ ಸಾರಣೆ, ಬಣ್ಣ ಆಗಿ ಒಂದು ಮಳೆಗಾಲ ಕಳೆಯದೆ ಹಲಗೆ ಅಂಟಿಸಬೇಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಗೋಡೆಗೆ ಟೇಪಿನಿಂದ ಮುಚ್ಚಿ ಎರಡು ದಿನ ಬಿಡಿ. ಹಿಂದೆ ಹನಿ ಕಂಡರೆ ಗೋಡೆ ಇನ್ನೂ ಆರಿಲ್ಲ.

ಅಂಟು ಪಾಲಿಸ್ಟೈರೀನ್‌ಗೆಂದೇ ಮಾಡಿದ್ದಿರಲಿ. ಪ್ಲೈವುಡ್‌ಗೆ ಬಳಸುವ ಸಾಲ್ವೆಂಟ್ ಅಂಟು ಹಲಗೆಯನ್ನೇ ಕರಗಿಸುತ್ತದೆ. ಅಂಟನ್ನು ಅಲ್ಲಲ್ಲಿ ಮುದ್ದೆಯಿಟ್ಟು ಒತ್ತಿದರೆ ಹಿಂದೆ ಗಾಳಿ ಓಡಾಡಿ ತೇವ ಕೂರುತ್ತದೆ. ಹಲ್ಲಿನ ಕರಣೆಯಿಂದ ಪೂರ್ತಿ ಹರಡಿಸಬೇಕು. ಬೋರ್ಡು ನೆಲಕ್ಕೆ ತಾಗಬಾರದು: ಅರ್ಧ ಇಂಚು ಮೇಲೆ ನಿಲ್ಲಿಸಿ ಸ್ಕರ್ಟಿಂಗ್‌ನಿಂದ ಮುಚ್ಚಿ, ಇಲ್ಲದಿದ್ದರೆ ನೆಲ ಒರೆಸಿದ ನೀರು ಏರುತ್ತದೆ. ಗೆದ್ದಲು ಈ ಹಲಗೆಯನ್ನು ತಿನ್ನದಿದ್ದರೂ ಕೊರೆದು ದಾರಿ ಮಾಡಿಕೊಳ್ಳುತ್ತದೆ, ಹೊರಗೆ ಏನೂ ಕಾಣದು. ಅಡಿಪಾಯಕ್ಕೆ ಗೆದ್ದಲು ಮದ್ದು ಆಗಿರಲೇಬೇಕು. ಹಲಗೆಯನ್ನು ಬೋರ್ಡಿಲ್ಲದೆ ಬರಿದೇ ಬಿಡುವುದು ಬೆಂಕಿಗೆ ಅಪಾಯ.

ವಯರಿಂಗಿನವರಿಗೆ ಮೊದಲೇ ಹೇಳಿ. ಗೋಡೆ ಸುಮಾರು 40 ಮಿ.ಮೀ. ಮುಂದೆ ಬರುವುದರಿಂದ ಸ್ವಿಚ್ ಪೆಟ್ಟಿಗೆಯೂ ಅಷ್ಟೇ ಮುಂದೆ ಬರಬೇಕು. ವಯರನ್ನು ಪೈಪಿನೊಳಗೇ ಎಳೆಯಿರಿ, ಏಕೆಂದರೆ ಪಾಲಿಸ್ಟೈರೀನ್ ತಾಗಿದ ಪಿವಿಸಿ ಕ್ರಮೇಣ ಗಡುಸಾಗಿ ಬಿರಿಯುತ್ತದೆ. ಟಿವಿ, ಕಪಾಟು ತೂಗಿಸುವ ಬೋಲ್ಟು ಕಲ್ಲಿನೊಳಕ್ಕೆ ಇಳಿಯುವಷ್ಟು ಉದ್ದವಿರಲಿ. ಹತ್ತಕ್ಕೆ ಹತ್ತಡಿ ಕೋಣೆಯ ನಾಲ್ಕೂ ಗೋಡೆಗೆ ಹಾಕಿದರೆ ಐದು ಚದರಡಿ ಜಾಗ ಹೋಗುತ್ತದೆ.

ಪಡುಗೋಡೆಗೆ ನೆರಳು ಕೊಡುವ ಅಗಲದ ಸಜ್ಜ, ಒಂದು ಚಿಕ್ಕ ಚಾವಡಿ ಅಥವಾ ಹತ್ತಡಿ ದೂರದಲ್ಲಿ ಅಡಿಕೆ ಸಾಲು ಇರುವಲ್ಲಿ ಈ ಹಲಗೆಯ ಅಗತ್ಯವೇ ಬೀಳುವುದಿಲ್ಲ.