ಆಸ್ತಿಗೆ ಬರೆಯಲಾ, ಖರ್ಚಿಗೆ ಬರೆಯಲಾ? ಅಕೌಂಟೆಂಟ್ ಒಬ್ಬಳ ಎಂಬಿಎ ವಿಮರ್ಶೆ

ಎರಡು ವರ್ಷದ ಪಾರ್ಟ್ ಟೈಮ್ ಆನ್‌ಲೈನ್ ಎಂಬಿಎ ಮುಗಿಸಿ ನನಗೀಗ ಹದಿನೆಂಟು ತಿಂಗಳಾಯಿತು. ಮುಗಿದ ವಾರವೇ ಬರೆದಿದ್ದರೆ ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಡುತ್ತಿದ್ದೆ. ಹತ್ತು ತಿಂಗಳ ಮೇಲೆ ಬರೆದಿದ್ದರೆ ಬಡ್ತಿ ಸಿಕ್ಕ ಖುಷಿಯಲ್ಲಿ ಐದು ಕೊಡುತ್ತಿದ್ದೆ. ಈಗ ಸಿಟ್ಟೂ ಇಳಿದಿದೆ, ಖುಷಿಯೂ ಇಳಿದಿದೆ. ಮೂರು ಸ್ಟಾರ್ ಕೊಡುತ್ತಿದ್ದೇನೆ.

ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ನನ್ನ ದೂರುಗಳಲ್ಲಿ ಅರ್ಧ ಆ ವಿಶ್ವವಿದ್ಯಾಲಯದ ಮೇಲೆ, ಅರ್ಧ ನನ್ನ ಮೇಲೇ. ಆಗಲೇ ಸರ್ಟಿಫೈಡ್ ಅಕೌಂಟೆಂಟ್ ಆಗಿರುವವರು ಇಂಥ ಪದವಿ ಕೊಳ್ಳಬೇಕಾ ಬೇಡವಾ ಎಂಬುದಷ್ಟೇ ಇಲ್ಲಿನ ವಿಷಯ. ಕೊಳ್ಳುವುದು ಅಂತಲೇ ಬರೆದಿದ್ದೇನೆ. ಏಳು ತಿಂಗಳ ಸಂಬಳ ಕೊಟ್ಟಿದ್ದೇನೆ, ಬೇರೆ ಪದ ಬಾಯಿಗೆ ಬರುವುದಿಲ್ಲ.

ನಾನು ಐದು ವರ್ಷ ಆಡಿಟ್‌ನಲ್ಲಿದ್ದೆ. ಆಮೇಲೆ ಪಂಪು, ವಾಲ್ವು ತಯಾರಿಸುವ ಒಂದು ಕಂಪನಿಯ ಫೈನಾನ್ಸ್ ವಿಭಾಗಕ್ಕೆ ಬಂದೆ. ಅಲ್ಲಿಯವರೆಗೆ ಪ್ರಶ್ನೆ ಕೇಳುವವಳಾಗಿದ್ದೆ, ಅಲ್ಲಿಂದ ಉತ್ತರ ಕೊಡುವವಳಾದೆ. ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಕ್ಲೋಸಿಂಗ್, ಲೆಕ್ಕ ಲೆಕ್ಕಕ್ಕೆ ತಾಳೆ ನೋಡುವ ರೀಕನ್ಸಿಲಿಯೇಶನ್, ಆಡಿಟರ್‌ಗಳ ಪಟ್ಟಿಗೆ ಉತ್ತರ, ಮತ್ತೆ ತಿಂಗಳ ಕೊನೆ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದೆ. ಒಂದು ದಿನ ಬೆಲೆ ನಿಗದಿಯ ಮೀಟಿಂಗ್‌ನಲ್ಲಿ ನಮ್ಮ ನಿರ್ದೇಶಕರು ನನ್ನ ಕಡೆ ತಿರುಗಿ, "ನಿಮಗೇನನ್ನಿಸುತ್ತೆ?" ಅಂದರು. ನಾನು ಹಿಂದಿನ ತ್ರೈಮಾಸಿಕದ ಬಜೆಟ್‌ಗೂ ವಾಸ್ತವಕ್ಕೂ ಇರುವ ವ್ಯತ್ಯಾಸ ಓದಿ ಹೇಳಿದೆ. ಅವರು ಥ್ಯಾಂಕ್ಸ್ ಹೇಳಿ ಪಕ್ಕದವರ ಕಡೆ ತಿರುಗಿದರು. ಪಕ್ಕದವರು ನನಗಿಂತ ಆರು ವರ್ಷ ಚಿಕ್ಕವರು. ಎಂಬಿಎ ಮಾಡಿದವರು. ಅವರ ಬಳಿ ಒಂದು ಸಂಖ್ಯೆಯೂ ಇರಲಿಲ್ಲ, ಆದರೆ ಅಭಿಪ್ರಾಯ ಇತ್ತು. ಎಲ್ಲರೂ ಕೇಳಿಸಿಕೊಂಡರು.

ನಾನು ಅರ್ಜಿ ಹಾಕಿದ್ದು ಆ ವಾರವೇ. ಹೊಟ್ಟೆಕಿಚ್ಚು ಅನ್ನಿ, ಒಪ್ಪುತ್ತೇನೆ.

ಸೇರುವುದು ಸುಲಭ. ವೃತ್ತಿ ಪರೀಕ್ಷೆ ಪಾಸಾದವರಿಗೆ ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನಿಂದ ವಿನಾಯಿತಿ ಕೊಡುವ ಕಾಲೇಜುಗಳು ಬೇಕಾದಷ್ಟಿವೆ. ನನಗೂ ಸಿಕ್ಕಿತು. ಆಗ ಅದು ಗೌರವ ಅನ್ನಿಸಿತ್ತು. ಫೀಸು ಕಟ್ಟುವ, ನಡುವೆ ಬಿಟ್ಟು ಹೋಗದ, ಪರೀಕ್ಷೆ ಬರೆದು ರೂಢಿಯಿರುವ ಗಿರಾಕಿ ಯಾವ ಅಂಗಡಿಗೆ ಬೇಡ?

ಮೊದಲ ಟರ್ಮ್‌ನ ಮೊದಲ ವಿಷಯ ಫೈನಾನ್ಶಿಯಲ್ ಅಕೌಂಟಿಂಗ್. ಮೀನಿಗೆ ಈಜು ಕಲಿಸಿದ ಹಾಗೆ. ಮೊದಲ ಸ್ಲೈಡ್‌ನಲ್ಲೇ ಲೂಕಾ ಪಾಚೋಲಿ, 1494, ವೆನಿಸ್, ಪ್ರತಿ ವ್ಯವಹಾರವನ್ನು ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯ ಮೊದಲ ಅಚ್ಚು ಪುಸ್ತಕ. ಎರಡನೆಯ ಸ್ಲೈಡ್‌ನಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ವಿನಾಯಿತಿ ಕೇಳಿ ಪತ್ರ ಬರೆದೆ. ಕೊಟ್ಟರು. ಆದರೆ ಫೀಸಿನಲ್ಲಿ ಒಂದು ಪೈಸೆಯೂ ಇಳಿಯಲಿಲ್ಲ, ಅದರ ಬದಲು ಇನ್ನೊಂದು ವಿಷಯ ತೆಗೆದುಕೊಳ್ಳಬೇಕಾಯಿತು. ಮ್ಯಾನೇಜ್‌ಮೆಂಟ್ ಅಕೌಂಟಿಂಗ್, ಕಾರ್ಪೊರೇಟ್ ಫೈನಾನ್ಸ್, ಕಂಪನಿ ಕಾನೂನು ಈ ಮೂರಕ್ಕೆ ವಿನಾಯಿತಿಯೂ ಇಲ್ಲ. ಒಟ್ಟು ಹದಿನಾರು ವಿಷಯದಲ್ಲಿ ಮೂರು ನನಗೆ ಪೂರ್ತಿ ಗೊತ್ತಿದ್ದವು. ನಮ್ಮ ವೃತ್ತಿ ಪರೀಕ್ಷೆಯ ಮುಂದೆ ಇವರ ಪರೀಕ್ಷೆ ಏನೂ ಅಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೊಟ್ಟ ಹಣದ ಐದನೇ ಒಂದು ಭಾಗದಷ್ಟು ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು ಅಂತ ಹೇಳುತ್ತಿದ್ದೇನೆ.

ಆದರೆ ಆ ವಿನಾಯಿತಿಯ ಬದಲಿಗೆ ಬಂದ ವಿಷಯ ಇತ್ತಲ್ಲ, ಅದು ನೆಗೋಷಿಯೇಶನ್. ಮಾತುಕತೆ, ಚೌಕಾಸಿ. ಬೇರೆ ಯಾವುದಕ್ಕೂ ಸಮಯ ಹೊಂದಲಿಲ್ಲ ಅಂತ ಸುಮ್ನೆ ತೆಗೆದುಕೊಂಡಿದ್ದು. ಇಡೀ ಕೋರ್ಸಿನಲ್ಲಿ ನನಗೆ ಉಳಿದುಕೊಂಡಿದ್ದು ಅದೊಂದೇ ಇರಬೇಕು. ಅದು, ಮತ್ತೆ ಒಂದು ಗುಂಪು ಕೆಲಸ.

ಗುಂಪಿನಲ್ಲಿ ಐದು ಜನ. ನಾನು, ಸಾಫ್ಟ್‌ವೇರ್ ಟೆಸ್ಟರ್ ಒಬ್ಬರು, ಸರಕು ಸಾಗಣೆಯವರು ಒಬ್ಬರು, ಜಾಹೀರಾತಿನವರು ಒಬ್ಬರು, ಆಸ್ಪತ್ರೆಯಲ್ಲಿ ನರ್ಸಿಂಗ್ ವಿಭಾಗ ನೋಡಿಕೊಳ್ಳುವವರು ಒಬ್ಬರು. ಕಂಪನಿಯೊಂದು ತನ್ನ ಚಿಕ್ಕ ಪ್ರತಿಸ್ಪರ್ಧಿಯನ್ನು ಕೊಳ್ಳಬೇಕೇ ಎಂಬುದು ನಮಗೆ ಕೊಟ್ಟ ಕೇಸ್. ನಾನು ಮೂರು ರಾತ್ರಿ ಕೂತು ಹದಿನಾಲ್ಕು ಶೀಟ್‌ನ ಎಕ್ಸೆಲ್ ಫೈಲ್ ಮಾಡಿದೆ. ಕಂಪನಿ ಕೊಂಡಾಗ ಲೆಕ್ಕ ಹೇಗೆ ಬರೆಯಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 3ರ ಪ್ರಕಾರ ಕೊಂಡ ಬೆಲೆಯನ್ನು ಆಸ್ತಿ ಆಸ್ತಿಗೆ ಹಂಚಿದೆ, ನಿವ್ವಳ ಆಸ್ತಿಯ ಬೆಲೆಗಿಂತ ಹೆಚ್ಚು ಕೊಟ್ಟದ್ದನ್ನು, ಅಂದರೆ ಗುಡ್‌ವಿಲ್ ಅನ್ನು, ಲೆಕ್ಕ ಹಾಕಿದೆ, ಮೂರು ಬಗೆಯ ಅಂದಾಜು ಹಾಕಿದೆ. ಎಲ್ಲ ಟ್ಯಾಲಿ ಆಯಿತು. ಸ್ಕ್ರೀನ್ ಮೇಲೆ ತೋರಿಸಿದೆ. ಎಲ್ಲರೂ ಸುಮ್ಮನೆ ನೋಡಿದರು.

ಆ ನರ್ಸಿಂಗ್ ಮೇಡಂ ಕೇಳಿದರು, "ಇದೆಲ್ಲ ಸರಿ. ಕೊಳ್ಳೋಣವೋ, ಬೇಡವೋ?"

"ಹಾಗೆ ಹೇಳೋಕಾಗಲ್ಲ, ನೋಡಬೇಕು" ಅಂದೆ.

"ನನ್ನ ವಾರ್ಡಿನಲ್ಲಿ ರಾತ್ರಿ ಎರಡಕ್ಕೆ ಬೆಡ್ ಖಾಲಿ ಮಾಡಬೇಕು ಅಂದ್ರೆ ನೋಡಬೇಕು ಅಂತ ಕೂರೋಕಾಗಲ್ಲ. ನಿಮಗೆ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತು. ಆದರೂ ಹೇಳ್ತಾ ಇಲ್ಲ."

ಮುಖ ಬಿಸಿಯಾಯಿತು. ಆದರೆ ಅವರು ಹೇಳಿದ್ದು ನಿಜ. ಆಡಿಟ್ ನನಗೆ ಕಲಿಸಿದ್ದು ಸಾಕಷ್ಟು, ಸೂಕ್ತ ಪುರಾವೆ ಸಿಗುವವರೆಗೆ ಬಾಯಿ ಬಿಡಬಾರದು ಅಂತ. ಅದು ಒಳ್ಳೆಯ ಪಾಠವೇ, ಆಡಿಟ್ ವರದಿಗೆ ಸಹಿ ಹಾಕುವವರು ಹಾಗೇ ಇರಬೇಕು. ಆದರೆ ಆಡಿಟ್‌ನಲ್ಲಿ ನಾವು ನೋಡುವುದು ಆಗಿ ಹೋದ ವರ್ಷವನ್ನು. ಆಗಬೇಕಾದ ವರ್ಷಕ್ಕೆ ಸಾಕಷ್ಟು ಪುರಾವೆ ಎಲ್ಲಿಂದ ಬರುತ್ತದೆ? ಬೆಲೆ ನಿಗದಿಯ ಆ ಮೀಟಿಂಗ್‌ನಲ್ಲಿ ನನ್ನಿಂದ ಕೇಳಿದ್ದೂ ಇದನ್ನೇ, ನಾನು ಕೊಡದೆ ಹೋದದ್ದೂ ಇದನ್ನೇ. ಕೊನೆಗೆ ಆ ಕೇಸ್‌ಗೆ "ಕೊಳ್ಳಬೇಡಿ" ಅಂತ ಒಂದೇ ಪುಟ ಬರೆದೆವು. ಹದಿನಾಲ್ಕು ಶೀಟ್ ಅನುಬಂಧಕ್ಕೆ ಹೋಯಿತು. ಒಳ್ಳೆಯ ಅಂಕ ಬಂತು.

ಸ್ಟ್ಯಾಟಿಸ್ಟಿಕ್ಸ್ ಕೂಡ ಚೆನ್ನಾಗಿತ್ತು. ಬಜೆಟ್‌ಗೆ ಕಳೆದ ವರ್ಷದ ಅಂಕಿಯ ಮೇಲೆ ಶೇಕಡಾ ಇಷ್ಟು ಅಂತ ಏರಿಸುತ್ತಾ ಬಂದವಳಿಗೆ, ಯಾವುದು ಯಾವುದರ ಜೊತೆ ಎಷ್ಟು ಏರಿಳಿಯುತ್ತದೆ ಅಂತ ಅಂಕಿಗಳಿಂದ ಅಳೆಯುವ ರಿಗ್ರೆಶನ್ ಕಣ್ಣು ತೆರೆಸಿತು. ಸ್ಟ್ರಾಟೆಜಿಯಲ್ಲಿ ಚೌಕ, ಬಾಣ, ವೃತ್ತ ಬಿಟ್ಟರೆ ಏನೂ ನೆನಪಿಲ್ಲ. ಲೀಡರ್‌ಶಿಪ್ ವಿಷಯದ ಬಗ್ಗೆ ಬರೆಯುವುದೂ ಬೇಡ.

ಇನ್ನು ದೂರುಗಳು. ಎರಡನೆಯ ವರ್ಷದ ಪರೀಕ್ಷೆ ನಮ್ಮ ವರ್ಷಾಂತ್ಯದ ಕ್ಲೋಸಿಂಗ್ ವಾರದಲ್ಲೇ ಬಿತ್ತು. ಪಾರ್ಟ್ ಟೈಮ್ ಅಂತ ಮಾರುವವರು ಜನ ಯಾವಾಗ ಫುಲ್ ಟೈಮ್ ಕೆಲಸ ಮಾಡುತ್ತಾರೆ ಅಂತ ಒಮ್ಮೆ ಯೋಚಿಸಬೇಡವಾ? ಅಸೈನ್‌ಮೆಂಟ್‌ಗೆ ಪ್ರತಿಕ್ರಿಯೆ ಏಳು ವಾರದ ಮೇಲೆ ಬರುತ್ತಿತ್ತು, ಅಷ್ಟರಲ್ಲಿ ನಾನು ಏನು ಬರೆದಿದ್ದೆ ಅನ್ನುವುದೇ ಮರೆತಿರುತ್ತಿತ್ತು. ಉದ್ಯೋಗ ಸಲಹೆಯ ವಿಭಾಗದವರು ನನ್ನ ರೆಸ್ಯೂಮೆ ನೋಡಿ, "ಎಕ್ಸೆಲ್ ಬರುತ್ತದೆ ಅಂತ ಸೇರಿಸಿ" ಅಂದರು. ಒಂಬತ್ತು ವರ್ಷ ನಾನು ಇನ್ನೇನು ಮಾಡಿದ್ದೆ ಅಂದುಕೊಂಡರೋ.

ಈಗ ಹಣದ ಲೆಕ್ಕ. ಸೇರುವ ಮುನ್ನವೇ ಮಾಡಬೇಕಿತ್ತು. ನಾನು ಮಾಡಿದ್ದು ಮುಗಿದ ಮೇಲೆ. ಕಂಡವರ ಪ್ರಾಜೆಕ್ಟ್‌ಗೆಲ್ಲ ನಿವ್ವಳ ಇಂದಿನ ಮೌಲ್ಯ (ಮುಂದೆ ಬರುವ ಹಣಕ್ಕೆ ಬಡ್ಡಿ ಕಳೆದು ಇವತ್ತಿನ ಬೆಲೆ ನೋಡುವ ಲೆಕ್ಕ) ಹಾಕುವವಳು ನನ್ನದಕ್ಕೆ ಹಾಕಲಿಲ್ಲ.

ಫೀಸು ಏಳು ತಿಂಗಳ ಸಂಬಳ. ಪದವಿಯಿಂದ ಸಂಬಳ ಶೇಕಡಾ 10 ಏರಿತು ಅನ್ನೋಣ. ಅಂದರೆ ವರ್ಷಕ್ಕೆ 1.2 ತಿಂಗಳ ಸಂಬಳ ಜಾಸ್ತಿ. ಬಡ್ಡಿ ಹಿಡಿಯದಿದ್ದರೆ ಹಾಕಿದ್ದು ವಾಪಸ್ ಬರಲು ಸುಮಾರು 6 ವರ್ಷ. ಶೇಕಡಾ 8ರ ದರ ಹಿಡಿದರೆ 8 ವರ್ಷ ದಾಟುತ್ತದೆ. ಇಷ್ಟಾದರೆ ಪರವಾಗಿಲ್ಲ. ಆದರೆ ಆ 10ರಲ್ಲಿ ಅರ್ಧ ಹೇಗಿದ್ದರೂ ಸಿಗುತ್ತಿತ್ತು, ಪದವಿಯಿಂದ ಬಂದದ್ದು 5 ಮಾತ್ರ ಅಂತ ಇಟ್ಟುಕೊಳ್ಳಿ. ಅದೇ ದರದಲ್ಲಿ ಈಗ ಎಷ್ಟು ವರ್ಷ ಗೊತ್ತಾ? 35. ನನ್ನ ನಿವೃತ್ತಿ ಅದಕ್ಕಿಂತ ಮುಂಚೆ ಬರುತ್ತದೆ. ಮುಂದಿನ ವರ್ಷಗಳಲ್ಲಿ ಸಂಬಳ ಏರಿದ ಹಾಗೆ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ, ತೆರಿಗೆ ಸೇರಿಸಿದರೆ ಮತ್ತೆ ಬಿಗಿಯಾಗುತ್ತದೆ. ವಾರಕ್ಕೆ 14 ಗಂಟೆಯಂತೆ 96 ವಾರ, ಒಟ್ಟು 1344 ಗಂಟೆ ಓದಿದ್ದಕ್ಕೆ ನಾನು ಏನೂ ಬೆಲೆ ಹಾಕಿಲ್ಲ. ಹಾಕಿದರೆ ಫೈಲ್ ಮುಚ್ಚಿಬಿಡಬೇಕು.

ಹಾಗಾದರೆ ಆ 10ರಲ್ಲಿ ಪದವಿಯ ಪಾಲು ಎಷ್ಟು? ನನಗೆ ಬಡ್ತಿ ಕೊಟ್ಟ ನಿರ್ದೇಶಕರನ್ನೇ ಕೇಳಿದೆ. "ಎಂಬಿಎ ಇಲ್ಲದಿದ್ದರೂ ಕೊಡ್ತಿದ್ವಿ. ಆದರೆ ಎರಡು ವರ್ಷದ ಹಿಂದೆ ನೀವು ಮೀಟಿಂಗ್‌ನಲ್ಲಿ ಮಾತಾಡ್ತಿದ್ದ ಹಾಗೇ ಮಾತಾಡ್ತಿದ್ದರೆ ಕೊಡ್ತಿರಲಿಲ್ಲ" ಅಂದರು. ಈ ಉತ್ತರವನ್ನು ಯಾವ ಸೆಲ್‌ನಲ್ಲಿ ತುಂಬಲಿ?

ನಮ್ಮ ಲೆಕ್ಕಪತ್ರದ ಮಾನದಂಡಗಳು ಮಾತ್ರ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಂಪನಿ ತನ್ನ ನೌಕರರ ತರಬೇತಿಗೆ ಹಾಕಿದ ಹಣವನ್ನು ಐಎಎಸ್ 38, ಅಂದರೆ ಕಣ್ಣಿಗೆ ಕಾಣದ ಆಸ್ತಿಗಳ ಮಾನದಂಡ, ಆಸ್ತಿ ಅಂತ ಒಪ್ಪುವುದಿಲ್ಲ. ಮಾಡಿದಾಗಲೇ ಖರ್ಚಿಗೆ ಬರೆಯಬೇಕು. ಕಲಿತವನು ನಾಳೆ ಬಿಟ್ಟು ಹೋಗಬಹುದು, ಅವನ ಜಾಣ್ಮೆಯ ಮೇಲೆ ಕಂಪನಿಗೆ ಸಾಕಷ್ಟು ಹಿಡಿತವಿಲ್ಲ ಎಂಬುದು ಅದರ ಹಿಂದಿನ ತರ್ಕ. ನನ್ನ ತಲೆ ನನ್ನ ಹಿಡಿತದಲ್ಲೇ ಇದೆಯಲ್ಲ ಅಂತ ನಾನು ವಾದಿಸಬಹುದು. ತಿಂಗಳ ಕೊನೆಯ ವಾರದಲ್ಲಿ ಅದೂ ಅನುಮಾನವೇ. ನನ್ನ ಲೆಕ್ಕದಲ್ಲಿ ಎಂಬಿಎಯನ್ನು ಖರ್ಚಿಗೇ ಹಾಕಿದ್ದೇನೆ. ಲಾಭ ಬಂದಾಗ ಬಂದಷ್ಟು. ಆಸ್ತಿ ಅಂತ ಬರೆದುಕೊಂಡವರು ಪ್ರತಿ ವರ್ಷ ಅದರ ಬೆಲೆ ಸಮರ್ಥಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ, ನನ್ನ ಸಹಪಾಠಿಗಳಲ್ಲಿ ಕೆಲವರನ್ನು ನೋಡಿದ್ದೇನೆ.

ಮೊನ್ನೆ ನಮ್ಮ ತಂಡದ ಹುಡುಗಿಯೊಬ್ಬಳು, ಹೊಸದಾಗಿ ಸರ್ಟಿಫೈಡ್ ಆದವಳು, "ಮೇಡಂ, ನಾನೂ ಮಾಡಲಾ?" ಅಂತ ಕೇಳಿದಳು. ಯಾಕೆ ಅಂದೆ. "ಎಲ್ಲರೂ ಮಾಡ್ತಿದ್ದಾರೆ" ಅಂದಳು. ಹಾಗಿದ್ದರೆ ಬೇಡ ಅಂದೆ. ಈಗ ನನಗೆ ಹಾಗೆ ಥಟ್ಟನೆ ಹೇಳುವುದು ಬರುತ್ತದೆ.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆಡಿಟ್‌ಗೆ ಸಹಿ ಹಾಕಲು ಬೇಕಾದದ್ದು ಲೈಸೆನ್ಸ್, ಎಂಬಿಎ ಅಲ್ಲ. ಪದವಿಯೇ ಲೈಸೆನ್ಸಿನ ಮೆಟ್ಟಿಲಾಗಿದ್ದ ಕಡೆ ಮಾತು ಬೇರೆ. ಅಮೆರಿಕದಲ್ಲಿ ಸಿಪಿಎ, ಅಂದರೆ ಅಲ್ಲಿನ ಅಕೌಂಟೆಂಟ್ ಲೈಸೆನ್ಸ್‌ಗೆ 150 ಕ್ರೆಡಿಟ್ ಅವರ್ (ಕಾಲೇಜು ಓದಿನ ಅಳತೆ) ಓದಿರಬೇಕು ಎಂಬ ನಿಯಮವಿತ್ತು. ಅಲ್ಲಿನ ಮಾಮೂಲಿ ಪದವಿ 120ಕ್ಕೆ ಮುಗಿಯುತ್ತದೆ. ಉಳಿದ 30 ತುಂಬಿಸಲು ಎಷ್ಟೋ ಜನ ಸ್ನಾತಕೋತ್ತರ ಪದವಿಗೆ ಸೇರುತ್ತಿದ್ದರು. 2025ರಲ್ಲಿ ಅಲ್ಲಿನ ಹಲವು ರಾಜ್ಯಗಳು ಇನ್ನೊಂದು ದಾರಿ ತೆರೆದವು: ಪದವಿ, ಎರಡು ವರ್ಷದ ಅನುಭವ, ಪರೀಕ್ಷೆ ಪಾಸು, ಅಷ್ಟು ಸಾಕು. ಲೈಸೆನ್ಸ್ ಆಗಲೇ ಕೈಲಿದ್ದರೆ ಈ ಕಾರಣವೂ ಇಲ್ಲ.

ಅಕೌಂಟಿಂಗ್‌ನಲ್ಲೇ ಎಂಎಸ್‌ಸಿ ಮಾಡುವುದಾದರೆ ನೀವು ಓದಿದ್ದನ್ನು ಲೆಕ್ಕಕ್ಕೆ ಹಿಡಿಯುವ ಕಡೆ ಮಾತ್ರ ಮಾಡಿ. ಬ್ರಿಟನ್ನಿನ ಅಕೌಂಟೆಂಟ್ ವೃತ್ತಿ ಪರೀಕ್ಷೆಯಾದ ಎಸಿಸಿಎ ಓದಿದವರಿಗಾಗಿಯೇ ಲಂಡನ್ ವಿಶ್ವವಿದ್ಯಾಲಯ 2016ರಲ್ಲಿ ಶುರು ಮಾಡಿದ್ದ ಕೋರ್ಸ್ ಅಂಥದ್ದು. ಇಲ್ಲದಿದ್ದರೆ ಓದಿದ್ದನ್ನೇ ಮತ್ತೆ ಓದುತ್ತೀರಿ. ಹೂಡಿಕೆಯ ಕಡೆ ಹೋಗುವವರಿಗೆ ಹೂಡಿಕೆ ವಿಶ್ಲೇಷಕರ ಪರೀಕ್ಷೆಯಾದ ಸಿಎಫ್‌ಎಯ ಮೂರು ಹಂತ, ಕಂಪ್ಯೂಟರ್ ವ್ಯವಸ್ಥೆಗಳನ್ನು ಪರಿಶೀಲಿಸುವ ಸಿಸ್ಟಮ್ಸ್ ಆಡಿಟ್ ಕಡೆ ಹೋಗುವವರಿಗೆ ಸಿಸಾ ಪ್ರಮಾಣಪತ್ರ, ಇವೇ ನೇರ ದಾರಿ. ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು ಅನ್ನುವವರಿಗೆ ಪದವಿ ಬೇಕೇ ಬೇಕು. ಲೆಕ್ಕದ ಮನೆಯಿಂದ ಹೊರಗೆ, ನಿರ್ಧಾರ ತೆಗೆದುಕೊಳ್ಳುವ ಕುರ್ಚಿಗೆ ಹೋಗಬೇಕು ಅನ್ನುವವರಿಗೆ ಮಾತ್ರ ಎಂಬಿಎ. ಅವರೂ ಆ ಕುರ್ಚಿ ಯಾವುದು ಅಂತ ಗುರುತಿಸಿಕೊಂಡೇ ಹಣ ಕಟ್ಟಬೇಕು.

ಸೇರುವುದೇ ಆದರೆ ಮೊದಲು ಒಂದು ಫೋನ್ ಮಾಡಿ. ವಿನಾಯಿತಿ ಕೊಟ್ಟರೆ ಫೀಸು ಇಳಿಯುತ್ತದಾ, ಬರೀ ವಿಷಯ ಬದಲಾಗುತ್ತದಾ ಅಂತ ಕೇಳಿ. ಪರೀಕ್ಷೆಯ ದಿನಾಂಕಗಳನ್ನು ನಿಮ್ಮ ಕ್ಲೋಸಿಂಗ್ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ಕೂರುವವರು ಯಾರು ಅಂತಲೂ ಕೇಳಿ. ಇದು ಉಳಿದೆಲ್ಲಕ್ಕಿಂತ ಮುಖ್ಯ. ಎಂಬಿಎ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಂಬಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇರುವ ಎಂಬಿಎಗೆ ಸೇರಲು ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು, ಹಾಗಾಗಿ ಅಂಥ ಕಡೆ ಸಹಪಾಠಿಗಳು ತೀರಾ ಎಳೆಯರಾಗಿರುವುದಿಲ್ಲ. ನನ್ನ ಗುಂಪಿನಲ್ಲಿ ನಾಲ್ಕು ಅಕೌಂಟೆಂಟ್‌ಗಳಿದ್ದಿದ್ದರೆ ಆ ಹದಿನಾಲ್ಕು ಶೀಟ್ ಇಪ್ಪತ್ತೆಂಟಾಗುತ್ತಿತ್ತು, ಅಷ್ಟೇ.

ಹೇಳುವುದು ಮರೆತೆ. ಪದವಿ ಪ್ರಮಾಣಪತ್ರ ಬಂದಾಗ ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ತಿದ್ದಿಸಲು ಬೇರೆ ಫೀಸಂತೆ. ತಪ್ಪು ಅವರದು ಅಂತ ಎರಡು ಮೇಲ್ ಬರೆದೆ. ಮೂರನೆಯದಕ್ಕೆ ನೆಗೋಷಿಯೇಶನ್ ತರಗತಿಯಲ್ಲಿ ಕಲಿತದ್ದನ್ನು ಪ್ರಯೋಗಿಸಿದೆ. ಅರ್ಧಕ್ಕೆ ಇಳಿಸಿದರು. ಕಟ್ಟಿದೆ. ಅದನ್ನೂ ಖರ್ಚಿಗೇ ಬರೆದಿದ್ದೇನೆ.