ಬಣ್ಣ ಬಳಿದು ಮಾರುವ ಹಳೆಯ ಬ್ರೇಕ್ ಭಾಗಗಳು: ಮಸ್ಟಾಂಗ್ ಇಟ್ಟುಕೊಂಡವರಿಗೊಂದು ಎಚ್ಚರಿಕೆ

1965 ಮತ್ತು 66ರ ಮಾದರಿಯ ಆರು ಸಿಲಿಂಡರಿನ ಫೋರ್ಡ್ ಮಸ್ಟಾಂಗ್ ಕಾರುಗಳನ್ನು ಇಟ್ಟುಕೊಂಡಿರುವ ಕನ್ನಡಿಗರು ನಮ್ಮ ಡೆಟ್ರಾಯಿಟ್ ಸುತ್ತಮುತ್ತ ಹಲವರಿದ್ದಾರೆ. ಆಗಸ್ಟ್ ತಿಂಗಳ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಗೆ ಮೊದಲೇ ಬ್ರೇಕ್ ಕೆಲಸ ಮುಗಿಸಿಬಿಡಬೇಕೆಂಬ ಆತುರ ಅವರಲ್ಲಿ ಅನೇಕರಿಗೆ ಇರುತ್ತದೆ. ಗುಜರಿ ಯಾರ್ಡಿನಿಂದ ಕಳಚಿ, ‘ರೀಬಿಲ್ಟ್’ ಎಂದು ಹೇಳಿ, ದಪ್ಪಗೆ ಕಪ್ಪು ಬಣ್ಣ ಹೊಡೆದು ಮಾರುವ ಮುಂಗಾಲಿಯ ಡಿಸ್ಕ್ ಬ್ರೇಕ್ ಸೆಟ್ಟನ್ನು ಬಣ್ಣ ತೆಗೆದು ನೋಡದೆ ದಯವಿಟ್ಟು ಯಾರೂ ಕಾರಿಗೆ ಜೋಡಿಸಬೇಡಿ. ಅಂಥ ಒಂದು ಸೆಟ್ಟು ನನ್ನ ಗ್ಯಾರೇಜಿಗೆ ಬಂದಿತ್ತು. ಅದನ್ನು ಹಾಗೆಯೇ ಜೋಡಿಸಿದ್ದರೆ ರಸ್ತೆಯಲ್ಲಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಇಂಥ ಸೆಟ್ಟಿಗೆ ಬೇಡಿಕೆ ಏಕೆಂದು ತಿಳಿಯದವರಿಗಾಗಿ ಹೇಳುತ್ತೇನೆ. ಆ ಕಾಲದ ಆರು ಸಿಲಿಂಡರಿನ ಮಸ್ಟಾಂಗಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂಬತ್ತು ಇಂಚಿನ ಡ್ರಮ್ ಬ್ರೇಕುಗಳಿದ್ದವು; ಪೆಡಲು ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ ಇದ್ದುದರಿಂದ ಎಲ್ಲಿಯಾದರೂ ಒಂದು ಪೈಪು ಒಡೆದರೆ ಪೆಡಲು ನೆಲಕ್ಕೆ ಹೋಗಿ ನಾಲ್ಕೂ ಬ್ರೇಕುಗಳು ಒಟ್ಟಿಗೇ ಕೈಕೊಡುತ್ತಿದ್ದವು. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಬಂದದ್ದು 1967ರ ಮಾದರಿಯಲ್ಲಿ. ಹಾಗಾಗಿ ಕಾರನ್ನು ನಿಜವಾಗಿ ಓಡಿಸುವವರು ಮೊದಲು ಎರಡು ಕೋಣೆಯ ಸಿಲಿಂಡರ್ ಹಾಕಿಸಿ, ಆಮೇಲೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂರಿಸುತ್ತಾರೆ. ಇದಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ದಾರಿಯೆಂದರೆ, 1975ರಿಂದ 1980ರವರೆಗೆ ಬಂದ ಫೋರ್ಡ್ ಗ್ರನಾಡಾ ಅಥವಾ ಅದರ ಜೋಡಿ ಕಾರಾದ ಮರ್ಕ್ಯುರಿ ಮೊನಾರ್ಕ್‌ನ ಸ್ಪಿಂಡಲ್ (ಮುಂದಿನ ಚಕ್ರವನ್ನು ಹೊತ್ತಿರುವ ಲೋಹದ ಭಾಗ), ರೋಟರ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ), ಕ್ಯಾಲಿಪರುಗಳನ್ನು (ಆ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ) ತಂದು ಹಾಕುವುದು. ಆದರೆ ಆ ಕಾರುಗಳನ್ನು ಯಾರೂ ಮುದ್ದಿನಿಂದ ಕಾಪಾಡಲಿಲ್ಲ. ಹೆಚ್ಚಿನವು ಯಾವಾಗಲೋ ಜಜ್ಜಿ ಕರಗಿಸಲ್ಪಟ್ಟವು. ಈಗ ಸಿಗುವ ಸೆಟ್ಟುಗಳಲ್ಲಿ ಹಲವು, ಒಬ್ಬರ ಮಸ್ಟಾಂಗಿನಿಂದ ಇನ್ನೊಬ್ಬರ ಮಸ್ಟಾಂಗಿಗೆ ಕೈ ಬದಲಾಯಿಸುತ್ತ ಬಂದವು. ಪ್ರತಿ ಕೈಯೂ ತನಗೆ ತೋಚಿದಂತೆ ಕೊರೆದಿದೆ, ಉಜ್ಜಿದೆ.

ನನಗೆ ಮಾರಿದ ವ್ಯಕ್ತಿ ಬೇರೆ ರಾಜ್ಯದವನು. ಭಾಗಗಳನ್ನು ಮರುಭೂಮಿಯ ಒಣ ಹವೆಯಲ್ಲಿ ನಿಂತಿದ್ದ ಗ್ರನಾಡಾದಿಂದ ಕಳಚಿದ್ದಾಗಿಯೂ, ಚಳಿಗಾಲದಲ್ಲಿ ಹಿಮ ಕರಗಿಸಲು ಉಪ್ಪು ಸುರಿಯುವ ಮಿಷಿಗನ್ನಿನ ರಸ್ತೆಗಳನ್ನು ಅದು ಕಂಡೇ ಇಲ್ಲವೆಂದೂ, ರೋಟರುಗಳನ್ನು ಲೇತಿಗೆ ಹಾಕಿಸಿ ಸಿದ್ಧಪಡಿಸಿರುವುದಾಗಿಯೂ ಆತ ಹೇಳಿದ. ಈ ಮಾತನ್ನು ಪರೀಕ್ಷಿಸಲು ದಾಖಲೆಯ ದಾರಿ ಇಲ್ಲ. ಹದಿನೇಳು ಅಕ್ಷರಗಳ ವಾಹನ ಸಂಖ್ಯೆ ಬಂದದ್ದೇ 1981ರ ಮಾದರಿಗಳಿಂದ, ಅದಕ್ಕಿಂತ ಹಳೆಯ ಕಾರುಗಳ ಇತಿಹಾಸ ಸಾಮಾನ್ಯ ವರದಿಗಳಲ್ಲಿ ಸಿಗುವುದಿಲ್ಲ. ಹಣವನ್ನು ಆ್ಯಪಿನಲ್ಲಿ ಸ್ನೇಹಿತರಿಗೆ ಕಳಿಸುವ ರೀತಿಯಲ್ಲಿ ಕಳಿಸಿದರೆ ಬೆಲೆ ಇಳಿಸುವುದಾಗಿಯೂ, ನನ್ನ ಕಾರಿನ ಹಳೆಯ ಸ್ಪಿಂಡಲುಗಳನ್ನು ಮೊದಲೇ ಕೊಟ್ಟರೆ ಇನ್ನಷ್ಟು ಇಳಿಸುವುದಾಗಿಯೂ ಆತ ಒತ್ತಾಯಿಸಿದ. ನಾನು ಎರಡಕ್ಕೂ ಒಪ್ಪದೆ ಕ್ರೆಡಿಟ್ ಕಾರ್ಡಿನಲ್ಲೇ ಪಾವತಿ ಮಾಡಿದೆ.

ಪೆಟ್ಟಿಗೆ ಬಿಚ್ಚಿದಾಗ ಎಲ್ಲವೂ ಹೊಳೆಯುತ್ತಿತ್ತು. ಆದರೆ ಎಡಗಡೆಯ ಸ್ಪಿಂಡಲಿನ ಸ್ಟಿಯರಿಂಗ್ ತೋಳಿನ ಮೇಲೆ, ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಕೂರುವ ರಂಧ್ರದ ಪಕ್ಕದಲ್ಲಿ ಬೆರಳಾಡಿಸಿದಾಗ ಬಣ್ಣದಡಿಯಲ್ಲಿ ಏನೋ ಉಬ್ಬಿದಂತಿತ್ತು. ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ವೈರ್ ಬ್ರಷ್ಷಿನಿಂದ ಉಜ್ಜಿದೆ. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಗ್ರೈಂಡರಿನಿಂದ ಸವರಿದ ವೆಲ್ಡಿಂಗಿನ ಗೆರೆ, ಅದರ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು. ಗ್ರನಾಡಾದ ಟೈ ರಾಡಿನ ರಂಧ್ರ ಆರು ಸಿಲಿಂಡರಿನ ಮಸ್ಟಾಂಗಿನ ಟೈ ರಾಡಿಗೆ ಹೊಂದುವುದಿಲ್ಲ. ಹಿಂದೆ ಯಾರೋ ರಂಧ್ರವನ್ನು ತಿದ್ದಲು ಹೋಗಿ, ತೋಳು ಸೀಳಿದಾಗ ಬೆಸುಗೆ ಹಾಕಿಬಿಟ್ಟಿರಬೇಕು ಎಂಬುದು ನನ್ನ ಊಹೆ. ಕಾರಿನ ದಿಕ್ಕನ್ನೇ ಹಿಡಿದಿರುವ ಭಾಗ ಅದು. ಓಡುವಾಗ ಅದು ತುಂಡಾದರೆ ಸ್ಟಿಯರಿಂಗ್ ಚಕ್ರ ಕೈಯಲ್ಲಿರುತ್ತದೆ, ರಸ್ತೆಯ ಮೇಲಿನ ಚಕ್ರ ಮಾತ್ರ ತನಗಿಷ್ಟ ಬಂದ ಕಡೆ ತಿರುಗುತ್ತದೆ.

ರೋಟರುಗಳ ಕಥೆಯೂ ಅಷ್ಟೇ. ಕನಿಷ್ಠ ಎಷ್ಟು ದಪ್ಪ ಉಳಿದಿರಬೇಕೆಂಬ ಅಂಕಿ ರೋಟರಿನ ಮೇಲೆಯೇ ಎರಕದಲ್ಲಿ ಮೂಡಿರುತ್ತದೆ. ಒಂದು ರೋಟರಿನಲ್ಲಿ ಆ ಅಂಕಿಯನ್ನು ಉಜ್ಜಿ ಅಳಿಸಲಾಗಿತ್ತು. ಊರಿನ ಮಷೀನ್ ಶಾಪಿನವರು ಮೈಕ್ರೋಮೀಟರಿನಲ್ಲಿ ಅಳೆದು, ಎರಡೂ ರೋಟರುಗಳು ಮಿತಿಗಿಂತ ತೆಳುವಾಗಿವೆಯೆಂದು ಬರೆದುಕೊಟ್ಟರು. ಸ್ಪಿಂಡಲನ್ನು ಕಾಂತೀಯಗೊಳಿಸಿ ಕಬ್ಬಿಣದ ನುಣ್ಣನೆಯ ಪುಡಿ ಹರಡಿದಾಗ, ಕಣ್ಣಿಗೆ ಕಂಡದ್ದಕ್ಕಿಂತ ಉದ್ದವಾದ ಬಿರುಕು ಗೆರೆ ಕೊರೆದಂತೆ ಎದ್ದು ಬಂತು. ಮಾರಿದವನಿಗೆ ಚಿತ್ರಗಳನ್ನು ಕಳಿಸಿದಾಗ, ಇದ್ದದ್ದು ಇದ್ದ ಹಾಗೆ ಮಾರಿದ್ದೇನೆ, ವಾಪಸಾತಿ ಇಲ್ಲ ಎಂಬ ಉತ್ತರ ಬಂತು. ಮಷೀನ್ ಶಾಪಿನ ಬರಹವನ್ನು ಲಗತ್ತಿಸಿ ತಕರಾರು ಸಲ್ಲಿಸಿದ ಮೇಲೆ ಕಾರ್ಡಿನವರು ಭಾಗಗಳ ಬೆಲೆಯನ್ನು ಹಿಂದಿರುಗಿಸಿದರು. ಸಾಗಣೆಯ ಖರ್ಚು ಹೋದದ್ದೇ.

ಗುಜರಿ ಯಾರ್ಡುಗಳನ್ನೇ ದೂರವಿಡಿ ಎಂದು ನಾನು ಹೇಳುವುದಿಲ್ಲ. ಅವಿಲ್ಲದೆ ಈ ಕಾರುಗಳು ಉಳಿಯುವುದೇ ಕಷ್ಟ. ಬಾಗಿಲಿನ ಹಿಂಜ್, ಕಿಟಕಿಯ ಗಾಜು ಏರಿಸುವ ಯಂತ್ರ, ಸೀಟಿನ ಚೌಕಟ್ಟು, ಕ್ರೋಮ್ ಪಟ್ಟಿಗಳನ್ನು ಧಾರಾಳವಾಗಿ ಅಲ್ಲಿಂದ ತನ್ನಿ. ಹಳೆಯ ಮೂಲ ಭಾಗಗಳು ಈಗಿನ ನಕಲುಗಳಿಗಿಂತ ಎಷ್ಟೋ ಸಲ ಚೆನ್ನಾಗಿ ಕೂರುತ್ತವೆ. ಆದರೆ ರಬ್ಬರ್ ಹೋಸ್, ರೋಟರ್, ಬೇರಿಂಗುಗಳನ್ನು ಹೊಸದಾಗಿಯೇ ಕೊಳ್ಳಿ. ಸ್ಪಿಂಡಲ್ ಹಳೆಯದೇ ಬೇಕಾದರೆ ಬಣ್ಣ ಹೊಡೆಯದೆ, ತುಕ್ಕು ಹಿಡಿದ ಸ್ಥಿತಿಯಲ್ಲೇ ಕಳಿಸುವಂತೆ ಕೇಳಿ, ಏಕೆಂದರೆ ತುಕ್ಕು ಕಣ್ಣಿಗೆ ಕಾಣುತ್ತದೆ, ಬೆಸುಗೆ ಬಣ್ಣದಡಿ ಅಡಗುತ್ತದೆ. ಹೊಸ ಬ್ರೇಕು ಕೂತು, ಪರೀಕ್ಷೆಯಾಗುವವರೆಗೆ ನಿಮ್ಮ ಕಾರಿನ ಮೂಲ ಭಾಗಗಳನ್ನು ಯಾರಿಗೂ ವಿನಿಮಯಕ್ಕೆ ಕೊಡಬೇಡಿ. ನನ್ನವು ಕೈಯಲ್ಲಿದ್ದುದರಿಂದಲೇ ಕಾರು ಈಗ ಮತ್ತೆ ನಾಲ್ಕು ಚಕ್ರಗಳ ಮೇಲೆ ನಿಂತಿದೆ. ಹಳೆಯ ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಇತ್ತೀಚೆಗೆ ಇಂಥ ಸೆಟ್ಟನ್ನು ಕೊಂಡು ಈಗಾಗಲೇ ಜೋಡಿಸಿಕೊಂಡಿರುವವರು ಕಾರನ್ನು ಮತ್ತೆ ರಸ್ತೆಗಿಳಿಸುವ ಮೊದಲು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಎರಡೂ ಬದಿಯ ಟೈ ರಾಡ್ ಕಳಚಿ, ತೋಳಿನ ಕೆಳಮೈಯ ಬಣ್ಣವನ್ನು ಪೂರ್ತಿ ತೆಗೆದು, ಒಳ್ಳೆಯ ಬೆಳಕಿನಲ್ಲಿ ನೋಡಿ. ನನಗೆ ಬಂದ ಸ್ಪಿಂಡಲಿನಲ್ಲಿ ಬೆಸುಗೆ ಇದ್ದದ್ದು ಆ ಕೆಳಮೈಯಲ್ಲೇ. ಮೇಲಿನಿಂದ ನೋಡಿದವರಿಗೆ ಅದು ಕಾಣುತ್ತಿರಲಿಲ್ಲ.